‘ತಪ್ಪು ನಿಮ್ಮದಲ್ಲ’ ಎಂದು ನಾನೇಕೆ ಹೇಳಲಿಲ್ಲ

ಅಪಘಾತದ ನಂತರ ಆಪ್ತಸಲಹೆಗೆಂದು ನನ್ನ ಬಳಿ ಬರುವ ಚಾಲಕರ ಕಥೆ ಹೆಚ್ಚುಕಡಿಮೆ ಒಂದೇ. ಪೊಲೀಸ್ ಠಾಣೆ, ವಕೀಲರು, ‘ಆದದ್ದಾಯ್ತು, ಮರೆತುಬಿಡು’ ಎನ್ನುವ ಮನೆಮಂದಿ. ಗುರುತು ಸಿಗದಂತೆ ಇಲ್ಲಿ ಊರು, ವಿವರ ಬದಲಿಸಿದೆ.

ನಲವತ್ತು ದಾಟಿದ ಖಾಸಗಿ ಬಸ್ ಚಾಲಕ. ಮುಸ್ಸಂಜೆಯಲ್ಲಿ ಅಡ್ಡರಸ್ತೆಯಿಂದ ಬೈಕ್ ನುಗ್ಗಿತು, ಸವಾರ ಅಲ್ಲೇ ತೀರಿಕೊಂಡ. ತಿಂಗಳುಗಳಾದರೂ ಹಾರ್ನ್ ಕೇಳಿದರೆ ಬೆವರು, ಕುಡಿಯದೆ ನಿದ್ದೆಯಿಲ್ಲ, ಬಸ್ ಶೆಡ್ಡಿನತ್ತ ತಲೆಹಾಕಿಲ್ಲ. ದೃಶ್ಯ ಮರುಕಳಿಸುವುದು, ನೆನಪಿಸುವುದನ್ನೆಲ್ಲ ತಪ್ಪಿಸುವುದು, ಸದಾ ಬೆಚ್ಚಿಬೀಳುವುದು ಒಂದು ತಿಂಗಳು ಮೀರಿ ಉಳಿದು ಬದುಕನ್ನು ಕೆಡಿಸಿದರೆ ಪಿಟಿಎಸ್‌ಡಿ (ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ) ಇರಬಹುದೆಂದು ನೋಡುತ್ತೇವೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈ ಹೆಸರು ಸೇರಿದ್ದು 1980ರಲ್ಲಿ. ಆದರೆ ಯುದ್ಧದಿಂದ ಮರಳಿದವರ ಕನಸು ಅದೇ ಘಟನೆಗೆ ಮತ್ತೆ ಮತ್ತೆ ಒಯ್ಯುತ್ತದೆ ಎಂಬುದನ್ನು ಮನೋವಿಶ್ಲೇಷಣೆಯ ಹರಿಕಾರ ಫ್ರಾಯ್ಡ್ 1920ರಲ್ಲೇ ಬರೆದಿದ್ದರು.

ಮೊದಲ ಭೇಟಿಗಳಲ್ಲಿ ಅಪಘಾತದ ಮಾತೇ ಎತ್ತಲಿಲ್ಲ. ಕುಡಿತ ಮೊದಲು. ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈನಡುಕ, ಫಿಟ್ಸ್ ಬರಬಹುದು. ಆದ್ದರಿಂದ ಮನೋವೈದ್ಯರ ಉಸ್ತುವಾರಿಯಲ್ಲೇ ಬಿಡಿಸಿದ್ದು.

ಆಮೇಲೆ ಶುರುವಾಯಿತು ನಿಜವಾದ ಕೆಲಸ. ಕಣ್ಣು ಮುಚ್ಚಿ, ಘಟನೆ ಈಗಲೇ ನಡೆಯುತ್ತಿರುವಂತೆ ಹೇಳಬೇಕು. ನಡುನಡುವೆ ಸಂಕಟಕ್ಕೆ ಸೊನ್ನೆಯಿಂದ ನೂರರೊಳಗೆ ಅಂಕ ಕೊಡಬೇಕು. ಸಾಮಾನ್ಯವಾಗಿ ಇದನ್ನು ಧ್ವನಿಮುದ್ರಿಸಿ ದಿನಾ ಮನೆಯಲ್ಲಿ ಕೇಳಲು ಹೇಳುತ್ತೇವೆ. ಕೋರ್ಟಿನಲ್ಲಿ ಕೇಸಿದ್ದುದರಿಂದ ಅದನ್ನು ಕೈಬಿಟ್ಟೆ.

ಪ್ರತಿ ಸಲವೂ ಒಂದು ಕಡೆ ಅವರು ಜಾರುತ್ತಿದ್ದರು. ‘ಹಾರ್ನ್ ಹೊಡೀತಿದೀನಿ, ಬ್ರೇಕ್ ಒತ್ತಿದೀನಿ’ ಎನ್ನುತ್ತಿದ್ದವರು ಥಟ್ಟನೆ ‘ಆಮೇಲೆ ಜನ ಸೇರಿದ್ರು’ ಎಂದುಬಿಡುತ್ತಿದ್ದರು. ಅಂಕ 60 ದಾಟುತ್ತಿರಲಿಲ್ಲ. ನಡುವಿನ ಕೆಲವು ಕ್ಷಣ ಕಾಣೆ. ಒಂದು ದಿನ ಅಲ್ಲೇ ತಡೆದೆ.

‘ಬಸ್ ನಿಂತಿದೆ. ನಿಮ್ಮ ಕೈ ಎಲ್ಲಿದೆ?’
‘ಸ್ಟೇರಿಂಗ್ ಮೇಲೆ.’
‘ಕಾಲು?’
‘ಬ್ರೇಕ್ ಮೇಲೇ ಇದೆ. ತೆಗೆಯಕ್ಕಾಗ್ತಿಲ್ಲ.’
‘ತಲೇಲಿ ಏನು ಓಡ್ತಿದೆ?’

ಹೆಗಲ ಮೇಲಿನ ಟವೆಲ್ ತೆಗೆದು ಹಿಂಡತೊಡಗಿದರು. ‘ಮೇಡಂ, ನಂಗೆ ಮೊದ್ಲು ನೆನಪಾಗಿದ್ದು ನನ್ನ ಲೈಸೆನ್ಸು. ಆ ಹುಡುಗ ಅಲ್ಲ. ನಾನೆಂಥ ಮನುಷ್ಯ?’ ಅಂಕ ಕೇಳಿದೆ. 95.

‘ತಪ್ಪು ನಿಮ್ಮದಲ್ಲ’ ಎಂದು ಆಗಲೇ ಹೇಳಬೇಕಿತ್ತು ಎಂದು ಕಿರಿಯ ಸಲಹೆಗಾರರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ. ಆ ಮಾತನ್ನು ಊರೆಲ್ಲ ಹೇಳಿಯಾಗಿತ್ತು. ಅವರನ್ನು ಕೊರೆಯುತ್ತಿದ್ದದ್ದು ಡಿಕ್ಕಿಯಲ್ಲ, ಅದಾದ ಕ್ಷಣದ ಆ ಯೋಚನೆ. ಅದನ್ನು ಕೇಳಿಸಿಕೊಳ್ಳದೆ ಸಮಾಧಾನ ಹೇಳಿದ್ದರೆ ಮುಂದಿನ ವಾರ ಅವರು ಬರುತ್ತಲೇ ಇರಲಿಲ್ಲ. ತಪ್ಪು ಯಾರದೆಂಬ ತೀರ್ಪು ಕೊಡುವ ಕೆಲಸವೂ ನನ್ನದಲ್ಲ. ‘ಆಮೇಲೆ?’ ಎಂದಷ್ಟೇ ಕೇಳಿದೆ. ಇಳಿದು ಓಡಿದ್ದು, ಇಂಥದೇ ಟವೆಲ್ ಅವನ ತಲೆಗೆ ಒತ್ತಿ ಹಿಡಿದದ್ದು ಆಗ ಹೊರಬಂತು. ಮುಂದಿನ ಭೇಟಿಗಳಲ್ಲಿ ಬರೀ ಆ ತುಣುಕನ್ನೇ ಮತ್ತೆ ಮತ್ತೆ ಹೇಳಿಸಿದೆ. ಅಂಕ ನಿಧಾನವಾಗಿ 40ಕ್ಕಿಳಿಯಿತು.

ಜೊತೆಜೊತೆಗೇ ಮೆಟ್ಟಿಲುಮೆಟ್ಟಿಲಾಗಿ ಹೊರಗಿನ ಅಭ್ಯಾಸ. ನಿಂತ ಬಸ್ಸಿನ ಸೀಟಿನಲ್ಲಿ ಕೂರುವುದು, ಎಂಜಿನ್ ಚಾಲೂ ಮಾಡುವುದು, ಶೆಡ್ಡಿನೊಳಗೇ ಒಂದು ಸುತ್ತು, ಆ ಜಾಗದ ಮೂಲಕ ಪ್ರಯಾಣಿಕನಾಗಿ ಹೋಗುವುದು. ಭಯ ಅರ್ಧಕ್ಕಿಳಿಯುವ ತನಕ ಕದಲಬಾರದು. ಅರ್ಧ ಮುಕ್ಕಾಲು ಗಂಟೆ ಹಿಡಿಯಬಹುದು. ಹೆಚ್ಚಿನವರು ಎಡವುವುದು ಇಲ್ಲೇ. ಎದೆ ಜೋರಾಗಿ ಬಡಿದುಕೊಳ್ಳುವಾಗಲೇ ಇಳಿದುಬಿಟ್ಟರೆ ‘ಓಡಿದ್ದಕ್ಕೇ ಬದುಕಿದೆ’ ಎಂದು ಮೈ ಕಲಿತುಬಿಡುತ್ತದೆ. ಹಾಡು ಹಚ್ಚಿಕೊಂಡು, ಕ್ಲೀನರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿದ್ದೂ ತಪ್ಪಿಸಿಕೊಂಡಂತೆಯೇ.

ಒಂದು ಎಚ್ಚರಿಕೆ. ಘಟನೆಯಾದ ಮರುದಿನವೇ ‘ಎಲ್ಲ ಹೇಳಿ ಹಗುರಾಗು’ ಎಂದು ಒತ್ತಾಯಿಸಬೇಡಿ. ಹಾಗೆ ಒಂದೇ ಕೂರಿಕೆಯಲ್ಲಿ ಎಲ್ಲ ಹೊರತೆಗೆಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಊಟ, ನಿದ್ದೆ, ಜೊತೆಗೊಬ್ಬರು, ಅಷ್ಟಿರಲಿ. ಸಾಯುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಕೊನೆಗೆ ಅವರು ಕೇಳಿದ್ದು, ಆ ಹುಡುಗನ ತಾಯಿಯ ಕಾಲಿಗೆ ಬೀಳಲು ಹೋಗಲೇ ಎಂದು. ಕೇಸ್ ಮುಗಿಯುವವರೆಗೆ ಬೇಡ, ಆಮೇಲೂ ಆ ಮನೆಯವರು ಒಪ್ಪಿದರೆ ಮಾತ್ರ, ಹಿರಿಯರೊಬ್ಬರ ಮೂಲಕ ಎಂದೆ. ಕ್ಷಮಿಸುವ ಭಾರವನ್ನು ಆ ತಾಯಿಯ ಮೇಲೆ ಹೊರಿಸುವ ಹಕ್ಕು ನಮಗಿಲ್ಲ. ಈ ಸಲಹೆ ಅವರಿಗೆ ಹಿಡಿಸಲಿಲ್ಲ. ಈಗ ಹಗಲು ಟ್ರಿಪ್ ಮಾತ್ರ ಓಡಿಸುತ್ತಿದ್ದಾರೆ. ಕೇಸ್ ಇನ್ನೂ ನಡೆಯುತ್ತಿದೆ.