ಮಗಳನ್ನು ಪಿಯುಸಿಗೆ ಹೈದರಾಬಾದಿಗೆ ಕಳಿಸುವುದೋ, ಕೋಟಾಕ್ಕೋ? ಎರಡೂ ಬೇಡ

ಬೇಡ ಅಕ್ಕ. ಭೋಗ್ಯದ ಪತ್ರಕ್ಕೆ ಇನ್ನೂ ಸಹಿ ಹಾಕಿಲ್ಲವಾದರೆ ಹಾಕಬೇಡಿ.

ಮಗಳು ಮದ್ದೂರಿನ ಹತ್ತಿರ ಸರ್ಕಾರಿ ಶಾಲೆಯಲ್ಲಿ ಒಂಬತ್ತನೇ ತರಗತಿ, ಕನ್ನಡ ಮಾಧ್ಯಮ, ಐಐಟಿ ಸೇರುವ ಆಸೆ. ಒಂದು ಎಕರೆ ಗದ್ದೆಯನ್ನು ಭೋಗ್ಯಕ್ಕೆ ಕೊಟ್ಟು ಪಿಯುಸಿಗೆ ಹೈದರಾಬಾದಿಗೆ ಕಳಿಸುವುದೋ, ಕೋಚಿಂಗ್‌ಗೆ ಹೆಸರಾದ ರಾಜಸ್ಥಾನದ ಕೋಟಾಕ್ಕೋ ಎಂದು ಕೇಳಿದ್ದೀರಿ. ಊರಿನ ಹೆಸರೊಂದು ಬೇರೆ, ಉಳಿದದ್ದೆಲ್ಲ ನಮ್ಮ ಮನೆಯದೇ. ನಮ್ಮದು ಪಾಂಡವಪುರದ ಕಡೆ. ನಾನೂ ಹತ್ತನೆಯವರೆಗೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಯಲ್ಲೇ ಓದಿದವನು. 2016ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗ ಹೈದರಾಬಾದಿನ ಒಂದು ವಸತಿ ಕಾಲೇಜಿನ ಪರವಾಗಿ ಒಬ್ಬರು ಮನೆಗೇ ಬಂದರು. ರ‍್ಯಾಂಕ್ ಪಡೆದ ಮಕ್ಕಳ ಫೋಟೊಗಳು ಒತ್ತೊತ್ತಾಗಿ ಅಚ್ಚಾಗಿದ್ದ ಹಾಳೆಯನ್ನು ಅಪ್ಪನ ಕೈಗಿಟ್ಟರು. ಶುಲ್ಕ ಎಷ್ಟು ಕಂತು, ಊಟ ಹೇಗೆ, ಹುಷಾರು ತಪ್ಪಿದರೆ ಯಾರು ನೋಡಿಕೊಳ್ಳುತ್ತಾರೆ, ಯುಗಾದಿಗೆ ಮನೆಗೆ ಕಳಿಸುತ್ತೀರಾ ಎಂದು ಅಪ್ಪ ಒಂದೊಂದನ್ನೇ ವಿಚಾರಿಸಿದರು. ಆ ವರ್ಷ ಕಬ್ಬಿನ ಬಾಕಿ ಕೈಗೆ ಬಂದಿರಲಿಲ್ಲ. ಅಮ್ಮನ ಒಡವೆಯನ್ನು ಸೊಸೈಟಿಯಲ್ಲಿ ಅಡವಿಟ್ಟು ಮೊದಲ ಕಂತು ಕಟ್ಟಿದರು.

ಅಲ್ಲಿನ ಪಾಠ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಭೌತಶಾಸ್ತ್ರ ಕಲಿಸಿದವರು ನಿಜವಾಗಿಯೂ ಚೆನ್ನಾಗಿ ಕಲಿಸಿದರು. ಆದರೆ ಪಾಠ ಇಂಗ್ಲಿಷಿನಲ್ಲಿ ಶುರುವಾಗಿ, ಕಷ್ಟದ ಜಾಗ ಬಂದ ಕೂಡಲೇ ತೆಲುಗಿಗೆ ಹೊರಳುತ್ತಿತ್ತು. ಅಲ್ಲಿಯ ಮಕ್ಕಳಿಗೆ ಬೆಳಕು ಬೀಳುತ್ತಿದ್ದ ಜಾಗದಲ್ಲೇ ನನಗೆ ಏನೂ ತಿಳಿಯುತ್ತಿರಲಿಲ್ಲ. ವಾರದ ಪರೀಕ್ಷೆಯ ಅಂಕ ನೋಡಿ ವಿಭಾಗ ಬದಲಿಸುತ್ತಿದ್ದರು. ಕೆಳಗಿನ ವಿಭಾಗಕ್ಕೆ ಇಳಿದರೆ ಒಳ್ಳೆಯ ಉಪನ್ಯಾಸಕರೂ ಕೈತಪ್ಪುತ್ತಿದ್ದರು. ಕನ್ನಡ ಭಾಷಾ ವಿಷಯ ಇರಲಿಲ್ಲ, ಸಂಸ್ಕೃತ ತೆಗೆದುಕೊಂಡೆ. ಇಷ್ಟೆಲ್ಲದರ ನಡುವೆಯೂ 2018ರಲ್ಲಿ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್‌ನಲ್ಲಿ ತಕ್ಕಮಟ್ಟಿಗೆ ಒಳ್ಳೆಯ ರ‍್ಯಾಂಕ್ ಬಂತು. ಐಐಟಿಗೆಂದೇ ಇರುವ ಎರಡನೇ ಹಂತದ ಅಡ್ವಾನ್ಸ್‌ಡ್‌ನಲ್ಲಿ ಆಗಲಿಲ್ಲ, ಅಂದರೆ ಐಐಟಿ ಇಲ್ಲ. ಸುರತ್ಕಲ್‌ನ ಎನ್‌ಐಟಿ (ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಕಾಲೇಜು) ಸಿಗುತ್ತದೆಂದು ಮನೆಯಲ್ಲಿ ಎಲ್ಲರಿಗೂ ಧೈರ್ಯವಿತ್ತು. ಹಿಂದಿನ ವರ್ಷ ಕರ್ನಾಟಕದ ಮಕ್ಕಳಿಗೆ ಎಷ್ಟನೇ ರ‍್ಯಾಂಕಿನವರೆಗೆ ಸೀಟು ಸಿಕ್ಕಿತ್ತೆಂದು ನೋಡಿಟ್ಟುಕೊಂಡಿದ್ದೆವು. ನನ್ನದು ಅದಕ್ಕಿಂತ ಮುಂದಿತ್ತು.

ಕಾಲೇಜುಗಳ ಆಯ್ಕೆ ತುಂಬಲು ಅಪ್ಪನೂ ನಾನೂ ಸೈಬರ್ ಸೆಂಟರಿಗೆ ಹೋದೆವು. ಪರದೆಯಲ್ಲಿ ನನ್ನ ಹೆಸರಿನ ಕೆಳಗೆ ಅರ್ಹತೆಯ ರಾಜ್ಯ ತೆಲಂಗಾಣ ಎಂದಿತ್ತು. ಸುರತ್ಕಲ್‌ನ ಎದುರು ಎರಡು ಬಗೆಯ ಸೀಟು: ಎಚ್‌ಎಸ್ ಎಂದರೆ ಸ್ವಂತ ರಾಜ್ಯದವರಿಗೆ, ಒಎಸ್ ಎಂದರೆ ಹೊರರಾಜ್ಯದವರಿಗೆ. ನಾನು ಎರಡನೆಯದರಲ್ಲಿದ್ದೆ. ಅಪ್ಪ ಪ್ಲಾಸ್ಟಿಕ್ ಕವರಿನಿಂದ ರೇಷನ್ ಕಾರ್ಡ್, ಆಧಾರ್, ನನ್ನ ಹತ್ತನೆಯ ಅಂಕಪಟ್ಟಿ ಒಂದೊಂದಾಗಿ ತೆಗೆದು ಮೇಜಿನ ಮೇಲೆ ಹರಡಿ, "ಎಲ್ಲದರಲ್ಲೂ ಮಂಡ್ಯ ಜಿಲ್ಲೆ ಎಂದೇ ಇದೆಯಲ್ಲಪ್ಪ" ಎಂದರು. ಕಂಪ್ಯೂಟರ್ ಮುಂದೆ ಕುಳಿತಿದ್ದ ಹುಡುಗ, "ಅಂಕಲ್, ಇದರಲ್ಲಿ ಮನೆ ಎಲ್ಲಿದೆ ಎಂದು ನೋಡುವುದಿಲ್ಲ. ಹನ್ನೆರಡನೆಯದು ಎಲ್ಲಿ ಪಾಸಾಗಿದೆಯೋ ಅದೇ ರಾಜ್ಯ" ಎಂದ.

ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ, ನಿಮಗೂ ಬಿಡಿಸಿಯೇ ಹೇಳುತ್ತೇನೆ. ಪ್ರತಿ ಎನ್‌ಐಟಿಯೂ ಅರ್ಧದಷ್ಟು ಸೀಟುಗಳನ್ನು ತಾನಿರುವ ರಾಜ್ಯದವರಿಗೆ ಇಡುತ್ತದೆ. ಕರ್ನಾಟಕಕ್ಕಿರುವುದು ಒಂದೇ ಎನ್‌ಐಟಿ, 1960ರಲ್ಲಿ ಕೆಆರ್‌ಇಸಿ ಎಂದು ಶುರುವಾದ ಸುರತ್ಕಲ್‌ನದು. ಆ ಅರ್ಧ ಸೀಟುಗಳಿಗೆ ಯಾರು 'ಕರ್ನಾಟಕದವರು' ಎಂಬುದನ್ನು ಹುಟ್ಟಿದ ಊರು ನಿರ್ಧರಿಸುವುದಿಲ್ಲ, ಅಪ್ಪ ಅಮ್ಮನ ವಿಳಾಸ ನಿರ್ಧರಿಸುವುದಿಲ್ಲ, ಒಂದರಿಂದ ಹತ್ತರವರೆಗೆ ಮಂಡ್ಯದಲ್ಲೇ ಓದಿದ್ದೂ ಲೆಕ್ಕಕ್ಕಿಲ್ಲ. ಹನ್ನೆರಡನೇ ತರಗತಿಯ ಪರೀಕ್ಷೆಯನ್ನು ಯಾವ ರಾಜ್ಯದ ಕಾಲೇಜಿನಿಂದ ಪಾಸು ಮಾಡಿದರೋ ಆ ರಾಜ್ಯ, ಅಷ್ಟೇ. ಆಮೇಲೆ ತಿದ್ದಿಕೊಳ್ಳೋಣವೆಂದರೂ ದಾರಿಯಿಲ್ಲ: ಬೇರೆ ರಾಜ್ಯದಲ್ಲಿ ಮತ್ತೆ ಪರೀಕ್ಷೆ ಕಟ್ಟಿ ಅಂಕ ಹೆಚ್ಚಿಸಿಕೊಂಡರೂ ಮೊದಲು ಪಾಸಾದ ರಾಜ್ಯವೇ ಉಳಿಯುತ್ತದೆ. ತೆಲಂಗಾಣದವನಾದೆನಲ್ಲ, ವಾರಂಗಲ್ ಎನ್‌ಐಟಿಯಲ್ಲಿ ನನಗೆ ಸ್ವಂತ ರಾಜ್ಯದ ಸೀಟು ಸಿಗಬೇಕಿತ್ತು ಎನ್ನಬಹುದು. ಹೈದರಾಬಾದಿನ ಸಾವಿರಾರು ಮಕ್ಕಳು ಪೈಪೋಟಿ ನಡೆಸುವುದೇ ಆ ಸೀಟುಗಳಿಗೆ. ನನ್ನ ರ‍್ಯಾಂಕ್ ಅಲ್ಲಿ ಹತ್ತಿರಕ್ಕೂ ಸುಳಿಯಲಿಲ್ಲ. ಮೈಸೂರಿನಲ್ಲಿ ಪಿಯುಸಿ ಓದಿದ ನನ್ನ ಹೈಸ್ಕೂಲಿನ ಗೆಳೆಯ ನನಗಿಂತ ಹಿಂದಿನ ರ‍್ಯಾಂಕಿನಲ್ಲಿ ಸುರತ್ಕಲ್ ಸೇರಿದ. ಅವನ ಬಗ್ಗೆ ನನಗೆ ಸಂತೋಷವೇ. ಆದರೆ ಮನೆಗೆ ಬಂದು ಹಾಳೆ ಹಂಚಿದವರು ಈ ಒಂದು ಮಾತನ್ನು ಹೇಳಬೇಕಿತ್ತು. ಹೇಳಲಿಲ್ಲ. ಅಪ್ಪನಿಗೂ ನನಗೂ ಕೇಳಬೇಕೆಂಬುದೇ ಗೊತ್ತಿರಲಿಲ್ಲ.

ಆದ್ದರಿಂದ ಹೈದರಾಬಾದೋ ಕೋಟಾವೋ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕೋಟಾದಲ್ಲಿ ಎಷ್ಟೋ ಮಕ್ಕಳ ಹೆಸರು ಒಂದು ಶಾಲೆಯಲ್ಲಿ, ಕೂರುವುದು ಕೋಚಿಂಗ್‌ನಲ್ಲಿ. ಶಾಲೆ ರಾಜಸ್ಥಾನದ್ದಾದರೆ ನಿಮ್ಮ ಮಗಳು ರಾಜಸ್ಥಾನದವಳಾಗುತ್ತಾಳೆ. ಐಐಟಿಗೆ ರಾಜ್ಯದ ಲೆಕ್ಕವಿಲ್ಲ ಎಂಬುದು ನಿಜ, ಧಾರವಾಡದ ಐಐಟಿಯಲ್ಲೂ ಕನ್ನಡ ನಾಡಿನವರಿಗೆಂದು ಪ್ರತ್ಯೇಕ ಸೀಟಿಲ್ಲ. ಆದರೆ ಜೆಇಇ ಮೇನ್ ಬರೆಯುವವರು ಹತ್ತು ಲಕ್ಷಕ್ಕೂ ಹೆಚ್ಚು, ಅವರಲ್ಲಿ ಅಡ್ವಾನ್ಸ್‌ಡ್‌ಗೆ ಅರ್ಹರಾಗುವವರು ಸುಮಾರು ಎರಡೂವರೆ ಲಕ್ಷ, ಎಲ್ಲ ಐಐಟಿಗಳನ್ನೂ ಕೂಡಿಸಿದರೆ ಸೀಟು ಸುಮಾರು 18 ಸಾವಿರ. ಐಐಟಿ ಕೈತಪ್ಪಿದ ದಿನ ಅವಳ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಈಗಲೇ ಯೋಚಿಸಬೇಕು. ಅವಳು ಕರ್ನಾಟಕದಲ್ಲೇ ದ್ವಿತೀಯ ಪಿಯುಸಿ ಮುಗಿಸಿದರೆ ಸುರತ್ಕಲ್‌ನ ಆ ಅರ್ಧ ಸೀಟುಗಳು ಉಳಿದಿರುತ್ತವೆ. 2018ರಿಂದ ಐಐಟಿಗಳಲ್ಲೂ ಎನ್‌ಐಟಿಗಳಲ್ಲೂ ಹೆಣ್ಣುಮಕ್ಕಳಿಗೆಂದೇ ಹೆಚ್ಚುವರಿ ಸೀಟುಗಳಿವೆ. ಸ್ವಂತ ರಾಜ್ಯದವಳು, ಹೆಣ್ಣುಮಗಳು ಎಂಬ ಎರಡೂ ಸೇರಿದರೆ ಅವಳಿಗೆ ಸಿಗುವ ಅವಕಾಶ ನನಗಿದ್ದುದಕ್ಕಿಂತ ಎಷ್ಟೋ ದೊಡ್ಡದು. ಅದನ್ನು ಗದ್ದೆ ಭೋಗ್ಯಕ್ಕೆ ಹಾಕಿ ಕಳೆದುಕೊಳ್ಳುವುದು ಯಾವ ನ್ಯಾಯ? ಕೋಚಿಂಗ್ ಬೇಕೇ ಬೇಕೆಂದರೆ ಮೈಸೂರಿನಲ್ಲಿ ಕೊಡಿಸಿ. ಮಂಗಳೂರಾದರೂ ಆಗಲಿ. ರಾಜ್ಯದ ಗಡಿ ದಾಟಬೇಡಿ.

ಇನ್ನೊಂದು ವಿಷಯ. ಹತ್ತನೆಗೆ ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸೋಣವೇ ಎಂದೂ ಕೇಳಿದ್ದೀರಿ. ಖಂಡಿತ ಬೇಡ. ನನ್ನನ್ನು ಉಳಿಸಿದ್ದೇ ಕನ್ನಡ ಮಾಧ್ಯಮ. ನಮ್ಮ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಹಳ್ಳಿಯಲ್ಲಿ ಓದಿದವರಿಗೆ ಶೇ 15 ಮೀಸಲಾತಿಯಿದೆ. ಹತ್ತು ವರ್ಷವೂ ಇರಬೇಕು. ಕೊನೆಯ ವರ್ಷ ಬದಲಿಸಿದರೆ ಕನ್ನಡ ಮಾಧ್ಯಮದ ಮೀಸಲಾತಿ ಹೋಯಿತು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿ ಹಾಕಿದ ಆ ಪ್ರಮಾಣಪತ್ರಗಳ ಬಲದಿಂದಲೇ ನನಗೆ ಬೆಂಗಳೂರಿನ ಯುವಿಸಿಇಯಲ್ಲಿ ಸೀಟು ಸಿಕ್ಕಿತು. 1917ರಲ್ಲಿ ವಿಶ್ವೇಶ್ವರಯ್ಯನವರು ಆರಂಭಿಸಿದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಅದು. ಅವರ ಹೆಸರಿನ ನಾಲೆಯ ನೀರಿನಲ್ಲೇ ನಮ್ಮ ಮನೆಯ ಭತ್ತ ಬೆಳೆಯುತ್ತದೆ. ಅವರ ಹೆಸರಿನ ಕಾಲೇಜಿಗೆ ಮಗ ಸೇರಿದ ದಿನ ಅಪ್ಪನ ಮುಖದಲ್ಲಿ ಮತ್ತೆ ಗೆಲುವು ಕಂಡಿತು.

ಹಾಗೆಂದು ಇಂಗ್ಲಿಷನ್ನು ಬಿಡುವಂತಿಲ್ಲ. ಜೆಇಇ ಮೇನ್ ಕನ್ನಡದಲ್ಲೂ ಇದೆ, ಅಡ್ವಾನ್ಸ್‌ಡ್ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಪ್ರಥಮ ಪಿಯುಸಿಯ ವಿಜ್ಞಾನಕ್ಕೆ ಬಂದಾಗ ನಮ್ಮಂಥ ಮಕ್ಕಳು ಎಡವುವುದು ಗಣಿತದಲ್ಲಲ್ಲ, ಪ್ರಶ್ನೆಯನ್ನು ಓದುವುದರಲ್ಲಿ. ಈಗಿನ ಹೈಸ್ಕೂಲಿನ ಗಣಿತ, ವಿಜ್ಞಾನದ ಪುಸ್ತಕಗಳು ಎನ್‌ಸಿಇಆರ್‌ಟಿಯವೇ. ಕನ್ನಡದ್ದನ್ನೂ ಇಂಗ್ಲಿಷಿನದನ್ನೂ ಅಕ್ಕಪಕ್ಕ ಇಟ್ಟುಕೊಂಡು ಅವಳು ಓದಲಿ. ಶಾಲೆಯಲ್ಲಿ ಪಾಠವಾದ ಅಧ್ಯಾಯವನ್ನು ಅದೇ ವಾರ ಇಂಗ್ಲಿಷಿನಲ್ಲಿ ಒಮ್ಮೆ ಓದಿದರೆ ಸಾಕು. ವಿಷಯ ಮೊದಲೇ ಗೊತ್ತಿರುವುದರಿಂದ ಭಾಷೆ ತಾನಾಗಿ ಹತ್ತುತ್ತದೆ. ಎರಡು ವರ್ಷ ಇದನ್ನು ಬಿಡದೆ ಮಾಡಿದವಳು ಪಿಯುಸಿಯಲ್ಲಿ ಹೆದರಿ ಕೂರುವುದಿಲ್ಲ. ಇದಕ್ಕೆ ಖರ್ಚೂ ಇಲ್ಲ, ಪುಸ್ತಕಗಳು ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಹೈಸ್ಕೂಲಿನಲ್ಲೇ ಜೆಇಇ ಪುಸ್ತಕ ಶುರು ಮಾಡಿಸಬೇಕೆಂದು ನಿಮ್ಮ ನೆಂಟರು ಹೇಳಿದ್ದಾರಂತೆ. ನಾನು ಒಪ್ಪುವುದಿಲ್ಲ. ಈಗ ಮೈಸೂರಿನಲ್ಲಿ ಕೆಲಸದಲ್ಲಿದ್ದೇನೆ, ಭಾನುವಾರಗಳಲ್ಲಿ ಊರಿನ ಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹತ್ತನೆಯ ವೃತ್ತದ ಅಧ್ಯಾಯದಲ್ಲಿ ಒಂದು ಲೆಕ್ಕವಿದೆ: ಕೇಂದ್ರದಿಂದ 25 ಸೆಂಟಿಮೀಟರ್ ದೂರದ ಬಿಂದುವಿನಿಂದ ಎಳೆದ ಸ್ಪರ್ಶಕದ ಉದ್ದ 24, ತ್ರಿಜ್ಯ ಎಷ್ಟು? ಉತ್ತರ 7. ಎಲ್ಲರೂ ಬರೆದು ಪುಸ್ತಕ ಮುಚ್ಚಿದರು. ಒಬ್ಬ ಹುಡುಗಿ ಮಾತ್ರ, ಹೀಗೆ ಮೂರೂ ಪೂರ್ಣ ಸಂಖ್ಯೆಯಾಗಿ ಬರುವ ಬೇರೆ ಲೆಕ್ಕಗಳಿವೆಯೇ ಎಂದು ಕೇಳಿದಳು. ಹುಡುಕಿಕೊಂಡು ಬಾ ಎಂದೆ. ಮುಂದಿನ ವಾರ 9, 40, 41 ಎಂದು ಬರೆದುಕೊಂಡು ಬಂದಳು. ಜೊತೆಗೆ, ಈ ಎರಡು ಲೆಕ್ಕಗಳಲ್ಲೂ ಚಿಕ್ಕ ಸಂಖ್ಯೆಯ ವರ್ಗ ಮಾಡಿದರೆ ಉಳಿದೆರಡರ ಮೊತ್ತ ಬರುತ್ತದೆ ಎಂದೂ ತೋರಿಸಿದಳು: 81 ಎಂದರೆ 40 ಮತ್ತು 41, 49 ಎಂದರೆ 24 ಮತ್ತು 25. ಯಾರೂ ಹೇಳಿಕೊಟ್ಟದ್ದಲ್ಲ. ಅಡ್ವಾನ್ಸ್‌ಡ್ ಪರೀಕ್ಷೆ ಬೇಡುವುದು ಈ ಗುಣವನ್ನೇ. ನಿಮ್ಮ ಮಗಳು ಉತ್ತರ ಸಿಗದ ಲೆಕ್ಕದೊಂದಿಗೆ ಒಂದು ಸಂಜೆ ಪೂರ್ತಿ ಕೂರಲಿ, ಗೈಡ್ ತೆರೆಯದಿರಲಿ. ಸಿಗದಿದ್ದರೆ ಹಾಗೆಯೇ ಬಿಟ್ಟು ಮಲಗಲಿ, ನಾಳೆ ಮತ್ತೆ ನೋಡಲಿ. ಅಂಕ ಕಡಿಮೆಯಾಯಿತೆಂದು ಆಗ ನೀವು ಬೈಯಬಾರದು, ಅಷ್ಟೇ.

ಪಿಯುಸಿ ಪರೀಕ್ಷೆಯನ್ನು ಕಡೆಗಣಿಸುವ ಕೋಚಿಂಗ್‌ಗಳ ಬಗ್ಗೆ ಎಚ್ಚರವಿರಲಿ. ಐಐಟಿ, ಎನ್‌ಐಟಿ ಸೇರಲು ಹನ್ನೆರಡನೆಯದರಲ್ಲಿ ಶೇ 75 ಬೇಕು, ಪರಿಶಿಷ್ಟರಿಗೆ ಶೇ 65; ಇಲ್ಲವೇ ಬೋರ್ಡಿನ ಮೊದಲ ಶೇ 20ರೊಳಗೆ ಇರಬೇಕು. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿನಲ್ಲಂತೂ ಅರ್ಧ ತೂಕ ಪಿಯುಸಿಯದೇ. ಅವಳಿಗೆ ಎಂಜಿನಿಯರಿಂಗ್‌ಗಿಂತ ವಿಜ್ಞಾನವೇ ಇಷ್ಟವೆಂದು ಮುಂದೆ ಕಂಡರೆ ವಿಜ್ಞಾನ ಕಲಿಸುವ ಕೇಂದ್ರದ ಸಂಸ್ಥೆಗಳಾದ ಐಸರ್‌ಗಳ ಪ್ರವೇಶ ಪರೀಕ್ಷೆ ಬರೆಸಿ. ಬೆಂಗಳೂರಿನ ಐಐಎಸ್‌ಸಿಯ ನಾಲ್ಕು ವರ್ಷದ ವಿಜ್ಞಾನ ಪದವಿಗೂ ಆ ಅಂಕ ನಡೆಯುತ್ತದೆ.

ಕೊನೆಯದಾಗಿ ಕಾಗದಪತ್ರ. ಹಿಂದುಳಿದ ವರ್ಗದವರಾದರೆ ನಾಡಕಚೇರಿಯಲ್ಲಿ ಸಿಗುವ, ರಾಜ್ಯದ ಪಟ್ಟಿಯ 2ಎ, 3ಎ ಪ್ರಮಾಣಪತ್ರ ಸಿಇಟಿಗೆ ಸರಿ, ಜೆಇಇಗೆ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ. ಇದ್ದರೆ ಕೇಂದ್ರದ ನಮೂನೆಯಲ್ಲೇ, ಪರೀಕ್ಷೆಯ ವರ್ಷದ ಏಪ್ರಿಲ್ 1 ಅಥವಾ ಆಮೇಲಿನ ದಿನಾಂಕದ ಕೆನೆಪದರರಹಿತ ಪ್ರಮಾಣಪತ್ರ ಬೇಕು. ಅದರ ಆದಾಯ ಮಿತಿಯಾದ 8 ಲಕ್ಷಕ್ಕೆ ಬೇಸಾಯದ ಆದಾಯವನ್ನು ಸೇರಿಸುವುದಿಲ್ಲ, ಕಚೇರಿಯಲ್ಲಿ ಯಾರಾದರೂ ಸೇರಿಸಲು ಹೊರಟರೆ ವಿಚಾರಿಸಿ. ಇದಕ್ಕೆಲ್ಲ ಇನ್ನೂ ಸಮಯವಿದೆ. ಈ ವರ್ಷವೇ ಆಗಬೇಕಾದದ್ದು ಒಂದು: ಆಧಾರ್‌ನಲ್ಲಿ, ಶಾಲೆಯ ದಾಖಲೆಯಲ್ಲಿ ಅವಳ ಹೆಸರು, ಇನಿಶಿಯಲ್, ಹುಟ್ಟಿದ ದಿನಾಂಕ ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ ಎಂದು ನೋಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಬಹಳ ಕಷ್ಟ. ಈಗಾದರೆ ಮುಖ್ಯ ಶಿಕ್ಷಕರಿಗೆ ಒಂದು ಅರ್ಜಿ ಕೊಟ್ಟು ಕೇಳಬಹುದು.