ಆಯಿಲ್‌ನಲ್ಲಿ ನೀರು: ಹೆಡ್‌ಗೆ ಕೈ ಹಾಕುವ ಮುನ್ನ ಚೇಂಬರ್ ಬಿಚ್ಚಿ

ಪ್ರಶ್ನೆ: ನಮ್ಮದು ಹಳೆಯ ಮೂರು ಸಿಲಿಂಡರ್ ಟ್ರ್ಯಾಕ್ಟರ್, ವೆಟ್ ಲೈನರ್ ಎಂಜಿನ್ (ಪಿಸ್ಟನ್ ಓಡುವ ಕೊಳವೆಯ, ಅಂದರೆ ಲೈನರ್‌ನ, ಹೊರಮೈಗೆ ನೀರು ನೇರವಾಗಿ ತಾಗುವಂಥದ್ದು). ಆಯಿಲ್ ಹಾಲು ಹಾಕಿದ ಚಹಾದಂತಾಗಿತ್ತು. ಹೆಡ್ ಫೇಸಿಂಗ್ ಮಾಡಿಸಿ ಹೊಸ ಗ್ಯಾಸ್ಕೆಟ್ ಹಾಕಿಸಿದೆವು. ತಿಂಗಳೊಳಗೆ ಮತ್ತೆ ಅದೇ ಕಥೆ. ದಿನವಿಡೀ ರೋಟಾವೇಟರ್ ಹೊಡೆದರೂ ಎಂಜಿನ್ ಬಿಸಿಯೇರುವುದಿಲ್ಲ. ಆದರೆ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ರೇಡಿಯೇಟರ್‌ಗೆ ಅರ್ಧ ಲೀಟರ್ ನೀರು ಬೇಕು. ಹೆಡ್ ಸೀಳಿದೆ, ಹೊಸದು ತನ್ನಿ ಎನ್ನುತ್ತಿದ್ದಾರೆ ಮೆಕ್ಯಾನಿಕ್. ತರಬೇಕೆ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಸದ್ಯಕ್ಕೆ ಬೇಡ. ಗ್ಯಾಸ್ಕೆಟ್ ಸುಟ್ಟಿದ್ದರೆ ಅಥವಾ ಹೆಡ್ ಸೀಳಿದ್ದರೆ ಸಾಮಾನ್ಯವಾಗಿ ಹೊಗೆಯ ಒತ್ತಡ ನೀರಿಗೆ ನುಗ್ಗುತ್ತದೆ. ತಣ್ಣಗಿರುವ ಎಂಜಿನ್‌ನ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಸ್ವಲ್ಪ ಏರಿಸಿ ನೋಡಿ. ಗುಳ್ಳೆ ಬಿಡದೆ ಬರುತ್ತಿದ್ದರೆ ಮೆಕ್ಯಾನಿಕ್ ಮಾತಿನಲ್ಲಿ ಹುರುಳಿದೆ. ಗುಳ್ಳೆ ಇಲ್ಲ, ಬಿಸಿಯೂ ಇಲ್ಲ, ನೀರು ಮಾತ್ರ ಇಳಿಯುತ್ತಿದೆ ಎಂದರೆ ಮೊದಲ ಅನುಮಾನ ಲೈನರ್‌ನ ಬುಡದ ಓ ರಿಂಗ್ ಮೇಲೆ. ವೆಟ್ ಲೈನರ್‌ನಲ್ಲಿ ನೀರಿಗೂ ಚೇಂಬರ್‌ಗೂ (ಎಂಜಿನ್ ತಳದ ಆಯಿಲ್ ತೊಟ್ಟಿ) ನಡುವೆ ಇರುವುದು ಆ ರಬ್ಬರ್ ಮಾತ್ರ. ವರ್ಷಗಟ್ಟಲೆ ಬಿಸಿ ತಿಂದು ಅದು ಬಳೆಯಂತೆ ಗಟ್ಟಿಯಾಗುತ್ತದೆ.

ರಾತ್ರಿಯಿಡೀ ನಿಂತ ಎಂಜಿನ್‌ನ ಡ್ರೈನ್ ಬೋಲ್ಟನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ನಿಧಾನವಾಗಿ ಸಡಿಲಿಸಿ, ಗಾಜಿನ ಬಾಟಲಿ ಹಿಡಿಯಿರಿ. ತಳಕ್ಕಿಳಿದ ನೀರು ಮೊದಲು ಬರುತ್ತದೆ, ಹಿಂದೆ ಆಯಿಲ್. ಬೆರೆತುಹೋಗಿ ನೀರು ಬೇರ್ಪಡದಿದ್ದರೆ ಒಂದು ಹನಿ ಆಯಿಲನ್ನು ಕಾದ ಹಂಚಿನ ಮೇಲೆ ಬಿಡಿ; ಚಟಪಟ ಎಂದರೆ ನೀರಿದೆ. (ಆಯಿಲ್ ಹಾಕುವ ಮುಚ್ಚಳದ ಒಳಗಷ್ಟೇ ಬಿಳಿ ಕೆನೆ ಇದ್ದು, ಡಿಪ್‌ಸ್ಟಿಕ್ ಮಟ್ಟ ಏರದಿದ್ದರೆ ಅದು ಚಳಿಗಾಲದ ತೇವ. ಅದಕ್ಕೆ ಎಂಜಿನ್ ಬಿಚ್ಚಬೇಡಿ.)

ಈಗ ಚೇಂಬರ್ ಇಳಿಸಿ. ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಚೇಂಬರ್ ಎರಕದ್ದು, ಮುಂಭಾಗದ ಭಾರವೂ ಅದರ ಮೇಲೆಯೇ. ಅಂಥದ್ದನ್ನು ಆಧಾರ ಕೊಡದೆ ಬಿಚ್ಚಲೇಬಾರದು. ರೇಡಿಯೇಟರ್ ತುಂಬಿಸಿ, ಕ್ಯಾಪ್ ಜಾಗಕ್ಕೆ ಕೈಪಂಪಿನ ಪ್ರೆಷರ್ ಟೆಸ್ಟರ್ ಕೂರಿಸಿ, ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಡಿ. ಕ್ಯಾಪ್ 0.5 ಬಾರ್‌ನದಾದರೆ ಸುಮಾರು 7 ಪೌಂಡ್. ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಹಚ್ಚಿದರೆ ರೇಡಿಯೇಟರೇ ಬಾಯಿಬಿಟ್ಟೀತು. ಕೆಳಗೆ ಒಣ ರಟ್ಟು ಹಾಸಿ ಅರ್ಧ ಗಂಟೆ ಬಿಡಿ, ಆಮೇಲೆ ಟಾರ್ಚ್ ಹಾಕಿ ನೋಡಿ. ಲೈನರ್‌ನ ಹೊರ ಅಂಚಿನಿಂದ ಹನಿ ಜಾರುತ್ತಿದ್ದರೆ ಓ ರಿಂಗ್. ಪಿಸ್ಟನ್ ಪಕ್ಕದಿಂದ, ಲೈನರ್ ಒಳಗೋಡೆಯಲ್ಲಿ ಇಳಿದರೆ ಲೈನರ್ ತೂತು, ಇಲ್ಲವೇ ಮೇಲಿನ ಗ್ಯಾಸ್ಕೆಟ್, ಹೆಡ್. ಪುಶ್‌ರಾಡ್ (ವಾಲ್ವ್ ತೆರೆಯಲು ತಳ್ಳುವ ಕಡ್ಡಿ) ಕಡೆಯಿಂದ ಬಂದರೂ ಹೆಡ್ ಕಡೆಯ ದೋಷವೇ.

ಲೈನರ್ ಎಳೆದ ಮೇಲೆ ಅದರ ಹೊರಮೈಯನ್ನು ಉಗುರಿನಿಂದ ಕೆರೆದು ನೋಡಿ. ಸೂಜಿ ಚುಚ್ಚಿದಂಥ ಗುಳಿಗಳು ಒಂದೇ ಪಕ್ಕದಲ್ಲಿ ಸಾಲಾಗಿದ್ದರೆ ಆ ಲೈನರ್ ಮತ್ತೆ ಹಾಕಬೇಡಿ. ಕೂಲೆಂಟ್ ಬೆರೆಸದೆ ಬರೀ ಬೋರ್‌ವೆಲ್ ನೀರಿನಲ್ಲಿ ಓಡಿಸಿದ ಎಂಜಿನ್‌ಗಳಲ್ಲಿ ಇದು ಹೆಚ್ಚು. ಬ್ಲಾಕ್‌ನಲ್ಲಿ ಓ ರಿಂಗ್ ಕೂರುವ ಜಾಗದ ತುಕ್ಕನ್ನು ಸಣ್ಣ ಎಮರಿ ಕಾಗದದಿಂದ ತೆಗೆಯಿರಿ. ಇದನ್ನು ಬಿಟ್ಟರೆ ಹೊಸ ರಬ್ಬರೂ ಸೋರುತ್ತದೆ. ಸಾಬೂನು ನೀರು ಸವರಿ, ಓ ರಿಂಗ್ ತಿರುಚದಂತೆ ಲೈನರನ್ನು ಕೈಯಿಂದಲೇ ಒತ್ತಿ ಕೂರಿಸಿ. ಲೈನರ್ ಬ್ಲಾಕ್‌ಗಿಂತ ಎಷ್ಟು ಎದ್ದಿರಬೇಕೆಂಬುದು ಮ್ಯಾನುಯಲ್‌ನಲ್ಲಿದೆ, ಅಳೆಯದೆ ಮುಂದುವರಿಯಬೇಡಿ. ಪಿಸ್ಟನ್ ಹಾಕುವ ಮೊದಲೇ ಬ್ಲಾಕ್‌ಗೆ ನೀರು ತುಂಬಿ ಕೆಳಗಿನಿಂದ ಒಮ್ಮೆ ನೋಡಿಬಿಡಿ.

ನೀರು ಬೆರೆತ ಆಯಿಲ್‌ನಲ್ಲಿ ಓಡಿದ್ದರಿಂದ ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳನ್ನೂ ಬಿಚ್ಚಿ ನೋಡಿ. ಗೆರೆ ಬಿದ್ದು ತಾಮ್ರ ಕಂಡರೆ ಬದಲಿಸಿ. ಜೋಡಿಸಿದ ನಂತರ ಅಗ್ಗದ ಆಯಿಲ್ ಹಾಕಿ 10–15 ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟು ಬಸಿದು, ಆಮೇಲೆ ಒಳ್ಳೆಯ ಆಯಿಲ್, ಹೊಸ ಫಿಲ್ಟರ್. ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕಿ ಸೋರಿಕೆ ನಿಲ್ಲಿಸುವ ಉಪಾಯ ಇಲ್ಲಿ ನಡೆಯದು, ರೇಡಿಯೇಟರ್ ಕೊಳವೆಗಳೇ ಕಟ್ಟಿಕೊಳ್ಳುತ್ತವೆ.

ಪ್ರಶ್ನೆ: ಡಿಪ್‌ಸ್ಟಿಕ್ ಮಟ್ಟ ಏರುತ್ತಿದೆ, ಆಯಿಲ್ ಮಾತ್ರ ಕಪ್ಪಾಗಿಯೇ ಇದೆ. ಇದೂ ನೀರೇ?
– ಓದುಗರು, ಮಂಡ್ಯ

ಉತ್ತರ: ಹೆಚ್ಚಾಗಿ ಡೀಸೆಲ್. ಬೆರಳಲ್ಲಿ ಉಜ್ಜಿ ಮೂಸಿ ನೋಡಿ. ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಮೊದಲು ಫೀಡ್ ಪಂಪಿನ ಡಯಾಫ್ರಾಮ್ ಅಥವಾ ಸೀಲ್, ನಂತರ ನಾಜಲ್ ಪರೀಕ್ಷಿಸಿ. ಅಲ್ಲಿಯವರೆಗೆ ಲೋಡ್ ಕೆಲಸ ಬೇಡ.