ಡಿಮೆನ್ಷಿಯಾ (ನೆನಪು, ಬುದ್ಧಿ ಕುಂದ್ತಾ ಹೋಗೋ ತೊಂದ್ರಿ) ಗುಣಾನ ಆಗಂಗಿಲ್ಲ ಅಂದ್ಮ್ಯಾಲೆ ನ್ಯೂರಾಲಜಿ ಡಾಕ್ಟರ್ ಕಡೆ ಯಾಕ ಹೋಗ್ಬೇಕು?

ಹೋಗ್ಬೇಕ್ರಿ, ಯಾಕಂದ್ರ ಮರವು ಅಂತ ಬಂದವರದೆಲ್ಲಾ ಡಿಮೆನ್ಷಿಯಾನ ಇರಂಗಿಲ್ಲ. ಬಿ12 ಕಮ್ಮಿ ಇದ್ರ, ಥೈರಾಯ್ಡ್ ಕಮ್ಮಿ ಇದ್ರ, ಬಚ್ಚಲದಾಗ ಜಾರಿ ಬಿದ್ದು ತಲಿಯೊಳಗ ನಿಧಾನಕ್ಕ ರಕ್ತ ಕಟ್ಟಿದ್ರ ಸೈತ ಹಂಗ ಆಗತೈತಿ, ಇವಕ್ಕೆಲ್ಲಾ ಟ್ರೀಟ್ಮೆಂಟ್ ಐತಿ. ಅದಕ್ಕ ಮೊದಲು ರಕ್ತ ಪರೀಕ್ಷೆ, ಸ್ಕ್ಯಾನ್.

ಖರೇನ ಅಲ್ಝೈಮರ್ (ಡಿಮೆನ್ಷಿಯಾ ತರೋ ಮುಖ್ಯ ರೋಗ) ಅಂತ ಗೊತ್ತಾತು ಅಂದ್ರ ನಮ್ಮ ಕೆಲಸ ಅಲ್ಲಿಂದ ಶುರು. ಈ ರೋಗ ಸಾಮಾನ್ಯಾಗಿ ಮೊದಲ ಹಿಡಿಯೋದು ಹಿಪ್ಪೋಕ್ಯಾಂಪಸ್, ಅಂದ್ರ ಇವತ್ತಿನ ಸುದ್ದಿ ಜಮಾ ಮಾಡ್ಕೊಳ್ಳೋ ಮಿದುಳಿನ ಜಾಗಾ, ಹಳೇ ನೆನಪು ಬ್ಯಾರೆ ಕಡೆ ಹರಡಿ ಕುಂತಿರ್ತಾವ. ಹಿಂಗಾಗಿ ಉಪ್ಪಿಟ್ಟು ತಿಂದ ಪ್ಲೇಟ್ ಇನ್ನೂ ಮುಂದ ಇರ್ತೈತಿ, ಅಜ್ಜಿ "ನನಗ ನಾಷ್ಟಾನ ಕೊಟ್ಟಿಲ್ಲ" ಅಂತ ಸೊಸಿ ಮ್ಯಾಲೆ ಸಿಟ್ಟಾಗ್ತಾಳ, ಆದ್ರ ಸಣ್ಣಾಕಿದ್ದಾಗ ಉಣಕಲ್ ಕೆರಿಗೆ ಹೋಗಿದ್ದು ಕೇಳ್ರಿ, ಉಟ್ಟ ಲಂಗದ ಬಣ್ಣಾನೂ ಹೇಳ್ತಾಳ! ಆಕಿ ಸುಳ್ಳು ಹೇಳಾಕತ್ತಿಲ್ಲ, ಉಪ್ಪಿಟ್ಟು ಆಕಿ ತಲಿಯಾಗ ಉಳದಾ ಇಲ್ಲ. ಇದನ್ನ ಸೊಸಿಗೆ ಬಿಡಿಸಿ ಹೇಳೋದು ಗುಳಿಗಿ ಬರಿಯೋದಕ್ಕಿಂತ ದೊಡ್ಡ ಕೆಲಸ ಅಂತೀನಿ ನಾ.

ಡೊನೆಪೆಝಿಲ್‌ನಂಥ ಗುಳಿಗಿ ಕೆಲವರಿಗೆ ಒಂದಿಷ್ಟು ದಿನ ಹೆಲ್ಪ್ ಆಗ್ತಾವ, ರೋಗ ನಿಲ್ಲಂಗಿಲ್ಲ. ಅದಕ್ಕ ಮುಂದ ವರ್ಷಗಟ್ಟಲೆ ಮಾತೆಲ್ಲಾ ರಾತ್ರಿ ನಿದ್ದಿ, ಜಾರಿ ಬೀಳೋದು, ಗ್ಯಾಸ್ ಹಚ್ಚಿಟ್ಟು ಮರಿಯೋದು, ನೋಡ್ಕೊಳ್ಳೋರ ಸುಸ್ತು ಇವುಗಳ್ದ. ಧಾರವಾಡದ ಕಡ್ಯಾವ್ರಾದ್ರ ಅಲ್ಲಿನ ಮನಸ್ಸು-ಮಿದುಳಿನ ಸರ್ಕಾರಿ ಆಸ್ಪತ್ರಿ ಡಿಮ್ಹಾನ್ಸ್‌ನಾಗೂ ತೋರಿಸಬಹುದು. ಬರುವಾಗ ತಗೊಳ್ಳೋ ಗುಳಿಗಿ ಎಲ್ಲಾ ಚೀಲದಾಗ ಹಾಕ್ಕೊಂಡ್ ಬರ್ರಿ, ಕೆಲವು ನಿದ್ದಿ ಗುಳಿಗಿನೂ ಮರವು ತರ್ತಾವ.